ಬಾತುಕೋಳಿ ಗುರುತಿನ ಹಲಗೆ

ಸುಗ್ಗಿ ಕಾಲದ ಎರಡನೆಯ ತಿಂಗಳು,
ಅಮಾವಾಸ್ಯೆಯ ಹಿಂದಿನ ದಿನ

ಪಡುವಣದಲ್ಲಿ, ಸತ್ತವರ ನಾಡಿನಲ್ಲಿ ನೆಲೆಸಿರುವ ನನ್ನ ತಾಯಿ ತಾವೆರೆಗೆ ಮಗಳು ಹುನೇರೊಳ ನಮಸ್ಕಾರಗಳು. ಬೆಟ್ಟದ ತಾಯಿ ಹಾಥೋರ್ ನಿನಗೆ ತಣ್ಣೀರನ್ನೂ ಬಡಗಣ ಗಾಳಿಯನ್ನೂ ಕೊಡಲಿ.

ಮೊದಲು ಊಟ ಮಾಡು ಅಮ್ಮ, ಆಮೇಲೆ ಈ ಓಲೆ. ರೊಟ್ಟಿ ನಾನೇ ಸುಟ್ಟಿದ್ದು. ಅಂಚು ಕರಕಲಾಗಿದೆ, ಅದು ನಿನಗೆ ಇಷ್ಟ ಎಂದೇ ಹಾಗೆ ಬಿಟ್ಟೆ. ಈರುಳ್ಳಿ, ಒಂದು ಹಿಡಿ ಅಂಜೂರ, ಒಂದು ಗಡಿಗೆ ಜವೆಯ ಹೆಂಡ ಇದೆ. ನಾಳೆ ಕಣಿವೆಯ ಹಬ್ಬವಲ್ಲವೇ, ಊರಿಗೆ ಊರೇ ಗೋರಿಗಳ ಮುಂದೆ ಚಾಪೆ ಹಾಸಿ ತಮ್ಮ ತಮ್ಮವರ ಜೊತೆ ಉಣ್ಣುತ್ತದೆ. ನಾನೂ ಬರುತ್ತೇನೆ.

ನಿಮ್ಮಂಥವರಿಗೆ ಬರೆಯುವವರೆಲ್ಲ ಬಟ್ಟಲಿನ ಒಳಮೈಗೆ ಬರೆಯುತ್ತಾರೆ. ಉಣ್ಣುತ್ತಾ ಹೋದಂತೆ ಅಕ್ಷರ ಕಾಣಲಿ ಎಂದು. ನನ್ನ ಮಾತು ಬಟ್ಟಲಲ್ಲಿ ಹಿಡಿಯಲಿಲ್ಲ. ನಖಿಯ ಬಣ್ಣದ ಬುಟ್ಟಿಯಲ್ಲಿ ಒಂದು ಹಳೆಯ ಹಾಳೆ ಇತ್ತು, ಅದರ ಹಿಂಬದಿಗೆ ಬರೆಯುತ್ತಿದ್ದೇನೆ. ನಿನಗೆ ಓದಲು ಬಾರದು, ಗೊತ್ತಿದೆ. ಅವನು ನನಗೆ ಕಲ್ಲಿನ ಚೂರುಗಳ ಮೇಲೆ ಅಕ್ಷರ ತಿದ್ದಿಸುವಾಗ ನೀನು ಒಲೆಯ ಹತ್ತಿರದಿಂದ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ. "ಅಕ್ಷರ ಕಲಿತರೆ ಹಿಟ್ಟು ಬೇಗ ಹುದುಗು ಬರುತ್ತೇನೇ?" ಈಗ ಇದನ್ನು ನಿನಗೆ ಓದಿ ಹೇಳಲು ಒಬ್ಬನು ನಿನ್ನ ಪಕ್ಕಕ್ಕೇ ಬಂದಿದ್ದಾನೆ. ಹೊಸದಾಗಿ ಬಂದು ಮಲಗಿದವನು, ನಿನ್ನ ಅಳಿಯ ನಖಿ. ಅವನನ್ನು ಎಬ್ಬಿಸಿ ಓದಿಸಿಕೋ. ನಖಿ, ನಿಧಾನವಾಗಿ ಓದು, ಅಮ್ಮನಿಗೆ ಎಡಗಿವಿ ಮಂದ.

ಅಮ್ಮ, ಅವನು ಇಲ್ಲಿಂದ ಹೊರಟು ಎಪ್ಪತ್ತು ದಿನಗಳ ಮೇಲೆ ಆರು ದಿನವಾಯಿತು. ಚಳಿಗಾಲ ಪೂರ್ತಿ ಕೆಮ್ಮಿದ. ಗಾರೆಯ ದೂಳು ಎದೆಯಲ್ಲಿ ಕೂತಿದೆ ಎಂದರು ವೈದ್ಯರು. ಜೇನು ಕೊಟ್ಟೆವು, ತಾಯಿತ ಕಟ್ಟಿದೆವು. ಕೊನೆಗೆ ಒಂದು ಬೆಳಿಗ್ಗೆ ನೀರು ಕೇಳಿ, ಕುಡಿದು, ಗೋಡೆಯ ಕಡೆ ತಿರುಗಿದ. ಆ ಗೋಡೆಗೆ ಅವನೇ ಸುಣ್ಣ ಬಳಿದದ್ದು. ಅಲ್ಲೊಂದು ಬಿರುಕು ಬಂದಿತ್ತು. ಅದನ್ನೇ ನೋಡುತ್ತಿದ್ದ ಎಂದು ನನಗೆ ಅನ್ನಿಸಿತು.

ನಾನು ಈ ಓಲೆ ಬರೆಯಲು ಕಾರಣ ಮೊನ್ನೆ ಮಧ್ಯಾಹ್ನ ಬಿದ್ದ ಕನಸು. ಹಿಟ್ಟು ಬೀಸಿ ದಣಿದು ಬೀಸುವ ಕಲ್ಲಿನ ಹತ್ತಿರವೇ ಕಣ್ಣು ಮುಚ್ಚಿದೆ. ನೀನು ಹೊಸ್ತಿಲ ಆಚೆ ನಿಂತಿದ್ದೆ. ಒಳಗೆ ಬಾ ಅಂದೆ, ಬರಲಿಲ್ಲ. ರೊಟ್ಟಿ ಹಿಡಿದೆ, ತೆಗೆದುಕೊಳ್ಳಲಿಲ್ಲ. ನೀನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ನಾನು ಎದ್ದು ನೇರ ಹಿಟ್ಟಿನ ಬುಟ್ಟಿಯ ಹತ್ತಿರ ಹೋದೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ಹೇಳಲು ಧೈರ್ಯ ಬರಬೇಕು, ಅದಕ್ಕೆ ಸ್ವಲ್ಪ ದೂರದಿಂದ ಬರುತ್ತಿದ್ದೇನೆ.

ನಖಿಯನ್ನು ಉಪ್ಪಿನಲ್ಲಿ ಇಟ್ಟು ಬಟ್ಟೆಯ ಪಟ್ಟಿ ಕಟ್ಟುವವರ ಮನೆಗೆ ಒಯ್ದ ಮೇಲೆ ನಾನು ಅವನ ಶವಪೆಟ್ಟಿಗೆಯ ಮರಕ್ಕಾಗಿ ತಿರುಗಿದೆ. ಉತ್ತರದಿಂದ ಮರದ ದೋಣಿ ಬಂದು ಎರಡು ಪ್ರವಾಹ ಕಳೆದಿವೆ. ದೇವದಾರು ಎಂಬ ಹೆಸರನ್ನೇ ಜನ ಮರೆತಿದ್ದಾರೆ. ಊರ ಅತ್ತಿಮರಗಳನ್ನು ಕಡಿಯಬಾರದೆಂದು ಅಪ್ಪಣೆಯಾಗಿದೆ. ನಖಿಯ ಜೊತೆ ಕೆಲಸ ಮಾಡುತ್ತಿದ್ದ ಹರ್ಷಿರೆ, ಒಂದು ಕಣ್ಣಿನವನು, ನಿನಗೆ ನೆನಪಿರಬೇಕು, ನಿನ್ನ ಖರ್ಜೂರ ಕದ್ದು ಬೈಸಿಕೊಂಡವನು, ಅವನೂ ನನ್ನ ಜೊತೆ ದಂಡೆಯುದ್ದಕ್ಕೂ ನಡೆದ. ಕೊನೆಗೆ ತಲೆ ತಗ್ಗಿಸಿ ಹೇಳಿದ, "ಅಕ್ಕಾ, ಚಾಪೆಯಲ್ಲಿ ಸುತ್ತಿ ಕಳಿಸೋದೇ. ಬೇರೆ ದಾರಿ ಇಲ್ಲ."

ಚಾಪೆ! ಈ ಊರಲ್ಲಿ ಎಷ್ಟು ಜನರಿಗೆ ಅವನು ಪೆಟ್ಟಿಗೆ ಮಾಡಿಲ್ಲ? ಹೆಸರು ಹೊತ್ತ ಮರದ ಮನೆಯಿಲ್ಲದೆ ಹೋದವನನ್ನು ಅಲ್ಲಿ ಯಾರೆಂದು ಗುರುತಿಸುತ್ತಾರೆ? ಹಾರಿ ಹೋದ ಪ್ರಾಣಪಕ್ಷಿ ಸಂಜೆ ಮರಳಿ ಬಂದು ಯಾವ ಮುಖದ ಮೇಲೆ ಕೂರಬೇಕು? ಚಾಪೆ ಎರಡು ವರ್ಷಕ್ಕೆ ಗೆದ್ದಲ ಪಾಲು. ಆಮೇಲೆ ನಖಿ ಎಂಬವನು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ಆಗ ನನಗೆ ನಿನ್ನ ಪೆಟ್ಟಿಗೆ ನೆನಪಾಯಿತು.

ನಿನ್ನ ಅಪ್ಪಣೆ ಕೇಳಬೇಕಿತ್ತು ಅಮ್ಮ. ಆದರೆ ಓದುತ್ತಿರುವವನು ಎಲ್ಲಿ ಮಲಗಿ ಓದುತ್ತಿದ್ದಾನೆಂದು ನಿನಗೆ ಕಾಣುತ್ತಿದೆ. ಕೇಳುವ ಮೊದಲೇ ಮಾಡಿಬಿಟ್ಟೆ.

ಚಿಕ್ಕಮ್ಮ ವೆಬ್ಖೆತ್ ಇದನ್ನು ಕೇಳಿ ಬೀದಿಗೆ ಕೇಳುವಂತೆ ಕೂಗಿದಳು. "ನಮ್ಮಕ್ಕನ್ನ ಮನೆಯಿಂದ ಎಬ್ಬಿಸಿ ಆ ಗಾರೆ ಕಲಸೋನ್ನ ಮಲಗಿಸ್ತೀಯೇನೇ? ಬದುಕಿದ್ದಾಗ ನಿಮ್ಮಮ್ಮನ ಮನೇಲಿದ್ದ, ಅವಳ ಅನ್ನ ತಿಂದ. ಸತ್ತ ಮೇಲೂ ಮನೆಅಳಿಯನೇ ಆಗ್ಬೇಕಾ ಅವನು?"

"ಚಿಕ್ಕಮ್ಮ, ಅವನಿಗೆ ಬೇರೆ ಏನೂ ಇಲ್ಲ" ಎಂದೆ.

"ಇಲ್ದಿದ್ರೆ ನಿಂದು ಕೊಡು!"

"ನಂದಿದ್ರೆ ಕೊಡ್ತಿದ್ದೆ."

"ಅಕ್ಕನ್ನ ಮುಟ್ಟೋದಾದ್ರೆ ನಾನೇ ಮುಟ್ತೀನಿ, ಗಂಡಸರ ಕೈ ಬೇಡ" ಎಂದಳು. ಬೈಗುಳ ನಿಲ್ಲಿಸಲಿಲ್ಲ, ಆದರೆ ಮಾರನೆಯ ದಿನ ನನಗಿಂತ ಮೊದಲು ಗೋರಿಯ ಬಾಗಿಲಲ್ಲಿ ಕೂತಿದ್ದಳು, ಮಡಿಲಲ್ಲಿ ಹೊಸ ನಾರುಬಟ್ಟೆ.

ನಿನ್ನನ್ನು ನಾವಿಬ್ಬರೇ ಎತ್ತಿದೆವು. ಎಷ್ಟು ಹಗುರಾಗಿದ್ದೆ ಅಮ್ಮ. ನನ್ನ ಮದುವೆಯ ಹೊದಿಕೆಯನ್ನು ನಿನ್ನ ಪಟ್ಟಿಗಳ ಮೇಲೆ ಸುತ್ತಿದೆವು. ಒಳಕೋಣೆಯಲ್ಲಿ ಅಜ್ಜಿಯ ಹಳೇ ಕಾಲದ ಪೆಟ್ಟಿಗೆ ಇದೆಯಲ್ಲ, ಅಗಲವಾದದ್ದು, ಕಣಜದಂತೆ ಚೌಕದ್ದು, ಅದರ ಮುಚ್ಚಳ ಸರಿಸಿ ನಿನ್ನನ್ನು ಅಜ್ಜಿಯ ಪಕ್ಕದಲ್ಲಿ ಮಲಗಿಸಿದೆವು. ಚಿಕ್ಕಮ್ಮ ಬಗ್ಗಿ ನೋಡಿ, "ಚಿಕ್ಕವಳಿದ್ದಾಗ ಅವ್ವನ ಮಗ್ಗುಲು ನಂಗೆ ಬಿಟ್ಟುಕೊಡ್ತಾನೇ ಇರ್ಲಿಲ್ಲ ಇವಳು. ಈಗ್ಲೂ ಇವಳಿಗೇ ಸಿಕ್ತು" ಎಂದಳು. ಅಷ್ಟು ಹೇಳಿ ಅತ್ತಳು. ನೀನು ಹೋದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಪೆಟ್ಟಿಗೆಯನ್ನು ಕತ್ತೆಯ ಮೇಲೆ ಮನೆಗೆ ತಂದೆವು.

ಆ ಪೆಟ್ಟಿಗೆ ಆದ ದಿನ ನೆನಪಿದೆಯೇ ನಿನಗೆ? ನಾಲ್ಕು ವರ್ಷದ ಹಿಂದೆ ನೀನು ಜ್ವರದಲ್ಲಿ ಮಲಗಿ, "ನನ್ನಪ್ಪ ಗೋಡೆಗಳಿಗೆ ಚಿತ್ರದ ಗೆರೆ ಎಳೆಯೋರ ಯಜಮಾನ. ನಾನು ಹೆಣ ಸುತ್ತೋ ಚಾಪೇಲಿ ಹೋಗ್ಬೇಕಾ?" ಎಂದು ನನ್ನನ್ನು ಕೇಳಿದೆ. ನಖಿ ಅಂಗಳದಲ್ಲಿದ್ದ. ಕೇಳಿಸಿಕೊಂಡ. ಹತ್ತು ದಿನದಲ್ಲಿ ಹಲಗೆ ಬಂದವು. ಎಲ್ಲಿಂದ ಎಂದು ಕೇಳಿದೆ. ದೋಣಿಯವನೊಬ್ಬ ಹಳೆಯ ಸ್ನೇಹಕ್ಕೆ ಕೊಟ್ಟ ಎಂದ. ನಾನು ನಂಬಿದೆ. ಆಮೇಲೆ ಎರಡು ತಿಂಗಳು, ಮುಚ್ಚಳದ ಮೇಲೆ ನಿನ್ನ ಮುಖ, ಕೈ ಕೆತ್ತಲೆಂದು, ನಿನ್ನನ್ನು ಕದ್ದು ಕದ್ದು ನೋಡಿದ. ನೀನು ಹಿಟ್ಟು ನಾದುವಾಗ, ಬೈಯುವಾಗ, ನಿದ್ದೆ ಮಾಡುವಾಗ. "ನಿನ್ನ ಗಂಡ ನನ್ನ ಯಾಕೆ ಬೆಕ್ಕು ಇಲಿ ನೋಡ್ದಂಗೆ ನೋಡ್ತಾನೆ?" ಎಂದು ನೀನು ದೂರಿದ್ದೆ. ಪೆಟ್ಟಿಗೆ ಮುಗಿದ ದಿನ ಅದನ್ನು ಅಂಗಳದಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ, ಪಾಠ ಒಪ್ಪಿಸುವ ಹುಡುಗನಂತೆ ನಿಂತಿದ್ದ. ನೀನು ಸುತ್ತ ಒಂದು ಸಲ ನಡೆದೆ. "ಮೂಗು ದಪ್ಪ ಆಯ್ತು" ಎಂದೆ. ಒಳಗೆ ಹೋದೆ.

ಅವನಿಗೆ ನಿನ್ನ ಬಾಯಿಂದ ಒಂದೇ ಒಂದು ಮಾತು ಬೇಕಿತ್ತು ಅಮ್ಮ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅರಮನೆಯವರ ಗೋಡೆಗೆ ಗಾರೆ ಮಾಡಿ ಹೊಗಳಿಸಿಕೊಂಡವನು, ನಿನ್ನಿಂದ ಒಂದು ಸಲ 'ಚೆನ್ನಾಗಿದೆ' ಎಂದು ಕೇಳಲಿಲ್ಲ. ಕೊನೆಯ ವಾರದಲ್ಲಿ ಕೆಮ್ಮು ನಿಂತ ಗಳಿಗೆಯಲ್ಲಿ ನಗುತ್ತಾ ಹೇಳಿದ, "ಅತ್ತೆಗೆ ಪೆಟ್ಟಿಗೆ ಹಿಡಿಸ್ತೋ ಇಲ್ವೋ, ಕೊನೆಗೂ ಗೊತ್ತಾಗ್ಲಿಲ್ಲ ನೋಡು." ನಾನು ಬಾಯಿ ತೆರೆದೆ. ಮುಚ್ಚಿದೆ. ನೀರು ಕುಡಿಸಿದೆ. ಯಾಕೆ ಮುಚ್ಚಿದೆ ಎಂದು ನಿನಗೆ ಗೊತ್ತು. ಹಾಥೋರಳ ಹೆಸರಲ್ಲಿ ನೀನು ನನ್ನಿಂದ ಮಾಡಿಸಿಕೊಂಡ ಆಣೆ ಅದು. ಅದನ್ನು ಇಲ್ಲಿ ಬರೆಯುವುದಿಲ್ಲ. ಓದುತ್ತಿರುವವನು ಯಾರು ಎಂಬುದು ನಮ್ಮಿಬ್ಬರಿಗೂ ಗೊತ್ತಿದೆಯಲ್ಲ.

ಹೆಂಗಸಿನ ಪೆಟ್ಟಿಗೆಯನ್ನು ಗಂಡಸಿನದು ಮಾಡುವುದು ದೊಡ್ಡ ಕೆಲಸವೇನಲ್ಲ ಎಂದ ಹರ್ಷಿರೆ. ಕಿವಿಯ ದುಂಡು ಓಲೆಗಳನ್ನು ಕೆತ್ತಿ ತೆಗೆಯಬೇಕು. ಎದೆಯನ್ನು ಗಾರೆಯಿಂದ ಸಮ ಮಾಡಬೇಕು. ಗದ್ದಕ್ಕೆ ಮರದ ಗಡ್ಡ ಸಿಕ್ಕಿಸಬೇಕು. ಎದೆಯ ಮೇಲಿನ ಕೈ ಬದಲಿಸಬೇಕು, ಹೆಂಗಸಿಗೆ ಬಿಚ್ಚಿದ ಕೈ, ಗಂಡಸಿಗೆ ಮುಷ್ಟಿ. ಹೆಸರು ಹೆರೆದು ಹೊಸ ಹೆಸರು ಬರೆಯಬೇಕು. ಗಡ್ಡ ಇಟ್ಟು ನೋಡಿದಾಗ ನನಗೆ ನಗು ಬಂತು, ಕ್ಷಮಿಸು. ನೀನೇ ಗಡ್ಡ ಬಿಟ್ಟಂತೆ ಇತ್ತು. ಮೂಗು ಅದೇ ಮೂಗು. ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು, "ಅಯ್ಯೋ, ಇನ್ನು ಎಂದೆಂದಿಗೂ ಅತ್ತೆ ಮುಖ ಹೊತ್ಕೊಂಡೇ ಮಲಗ್ಬೇಕು ಪಾಪ! ಅಕ್ಕಾ, ಗೆದ್ದೆ ಕಣೆ" ಎಂದಳು. ನಾವು ಮೂವರೂ ನಕ್ಕೆವು. ಅವನು ಹೋದ ಮೇಲೆ ಈ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು.

ಆಮೇಲೆ ಹರ್ಷಿರೆ ಒಳಗಿನ ತಳದ ಹಲಗೆಯಲ್ಲಿ ನಿನ್ನ ಹೆಸರು ಹೆರೆಯಲು ಕೂತ. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ, ನೋಡಲಾಗದೆ. ಉಳಿಯ ಸದ್ದು ನಿಂತಿತು. "ಅಕ್ಕಾ, ಇಲ್ಲಿ ಬಾ" ಎಂದ.

ನಿನ್ನ ಹೆಸರಿನ ಒಂದು ತುದಿಯಲ್ಲಿ ಗಾರೆ ಉದುರಿ ಬರಿ ಮರ ಕಂಡಿತ್ತು. ಅದರ ಮೇಲೆ ಕೆಂಪು ಮಣ್ಣಿನಲ್ಲಿ ಬರೆದ ಒಂದು ಬಾತುಕೋಳಿ.

ನಖಿಯ ಗುರುತು. ನಮ್ಮ ಬೀದಿಯಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಗುರುತಿದೆಯಲ್ಲ, ಅಗಸನ ಗಂಟಿನಲ್ಲಿ ಬಟ್ಟೆ ಅದಲುಬದಲಾಗದಿರಲೆಂದು. ಅವನದು ಬಾತು. ಅವನ ಅಂಗವಸ್ತ್ರದ ಮೇಲೆ, ನೀರಿನ ಗಡಿಗೆಯ ಮೇಲೆ, ಕೂರುವ ಮಣೆಯ ಅಡಿಯಲ್ಲಿ. ಅಷ್ಟು ಚೆಂದ ಕೆತ್ತುವವನಿಗೆ ತನ್ನ ಗುರುತನ್ನು ಮಾತ್ರ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. "ಇದು ಬಾತೋ, ಕಾಲಿಗೆ ಹಾಕೋ ಕೆರವೋ?" ಎಂದು ನೀನು ಹಂಗಿಸುತ್ತಿದ್ದೆ.

ಹರ್ಷಿರೆ ಇನ್ನೂ ಮೂರು ಕಡೆ ಗಾರೆ ಎಬ್ಬಿಸಿದ. ಮೂರು ಹಲಗೆಗಳ ಮೇಲೂ ಬಾತು. ಅವನು ಉಳಿ ಕೆಳಗಿಟ್ಟು ಹೇಳಿದ. ನಖಿ ಮದುವೆಯಾದ ವರ್ಷದಿಂದಲೇ ತನ್ನ ಪೆಟ್ಟಿಗೆಗೆಂದು ಹಲಗೆ ಕೂಡಿಡುತ್ತಿದ್ದನಂತೆ. ಒಂದು ಕೆಲಸಕ್ಕೆ ಕೂಲಿಯ ಬದಲು ಒಂದು ಹಲಗೆ, ಇನ್ನೊಂದಕ್ಕೆ ಅರ್ಧ ಹಲಗೆ. ಎಂಟು ವರ್ಷ. ಎಲ್ಲವೂ ಹರ್ಷಿರೆಯ ಕೊಟ್ಟಿಗೆಯಲ್ಲಿ ಇದ್ದವು, ಬಾತಿನ ಗುರುತು ಹಾಕಿಕೊಂಡು. ಒಂದು ದಿನ ಬಂದು ಎಲ್ಲವನ್ನೂ ಎತ್ತಿಕೊಂಡು ಹೋದನಂತೆ. "ಮಾರಿದ್ದೀನಿ ಅಂದ, ಅಕ್ಕಾ. ಹೆಂಡ ಕುಡಿದು ಕಳೆದ್ನೋ ಏನೋ ಅಂತ ನಾನು ನಾಲ್ಕು ವರ್ಷ ಮನಸ್ಸಲ್ಲಿ ಬೈಕೊಂಡೆ ಅವನ್ನ." ಒಂದು ಕಣ್ಣಿನಲ್ಲಿ ಎಷ್ಟು ನೀರು ಬರುತ್ತದೆ ಎಂದು ಅವತ್ತು ನೋಡಿದೆ.

ಚಿಕ್ಕಮ್ಮ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಈ ಕೆರ ಇಲ್ಲೂ ಬಂತಾ" ಎಂದಳು. ಆಮೇಲೆ ಮನೆಅಳಿಯ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿಲ್ಲ.

ನ್ಯಾಯ ಹೇಳಲು ಇದನ್ನು ಬರೆಯುತ್ತಿಲ್ಲ ಅಮ್ಮ. ಮರ ಅವನದು, ಆದ್ದರಿಂದ ನೀನು ಬಿಡು ಎಂದು ಹೇಳುವವಳು ನಾನಲ್ಲ. ಕೊಟ್ಟ ಮೇಲೆ ಅದು ನಿನ್ನದೇ. ಅವನೂ ಹಾಗೇ ಅನ್ನುತ್ತಿದ್ದ. ನಿನ್ನ ಮನೆಯನ್ನು ನಿನ್ನನ್ನು ಕೇಳದೆ ತೆಗೆದದ್ದು ತಪ್ಪು, ಆ ತಪ್ಪು ನನ್ನದು. ಆದರೆ ಇಷ್ಟು ಮಾಡಿದೆ. ನಿನ್ನ ಹೆಸರು ಹೆರೆಯುವುದನ್ನು ನಿಲ್ಲಿಸಿದೆ. ಹರ್ಷಿರೆ, "ಎರಡು ಹೆಸರಿದ್ರೆ ಕೂಗೋ ದೇವತೆಗಳಿಗೆ ಗೊಂದಲ ಆಗಲ್ವಾ?" ಎಂದ. "ಆಗ್ಲಿ, ಯಾರನ್ನ ಕೂಗಿದ್ರೂ ಇಬ್ರೂ ಏಳ್ತಾರೆ" ಎಂದೆ. ಮರದ ಮೇಲೆ ಬಾತು, ಅದರ ಮೇಲೆ ನಿನ್ನ ಹೆಸರು, ಅದರ ಮೇಲೆ ತೆಳುವಾಗಿ ಹೊಸ ಗಾರೆ, ಅದರ ಮೇಲೆ ಅವನ ಹೆಸರು. ಕೊನೆಯದನ್ನು ನಾನೇ ಬರೆದೆ. ಅಕ್ಷರ ಸ್ವಲ್ಪ ಸೊಟ್ಟ. ನಖಿ, ನಗಬೇಡ, ನಿನ್ನ ಬಾತಿಗಿಂತ ವಾಸಿ.

ಈಗ ಕೈಗಳ ಮಾತು.

ಹರ್ಷಿರೆ ಮೊಳೆ ಸಡಿಲಿಸಿ ನಿನ್ನ ಎರಡು ಮರದ ಕೈಗಳನ್ನು ತೆಗೆದುಕೊಟ್ಟ. ನಿನ್ನ ಸ್ವಂತ ಕೈಗಳು ಪಟ್ಟಿಯ ಒಳಗೆ ಭದ್ರವಾಗಿವೆ, ಆದರೆ ನಾವು ಇಟ್ಟ ರೊಟ್ಟಿ ನೀರನ್ನು ನೀನು ತೆಗೆದುಕೊಳ್ಳುವುದು ಆ ಮರದ ಕೈಗಳಿಂದ. ನಖಿಯನ್ನು ಒಳಗಿಡುವ ದಿನ ಅವನ್ನು ನಿನ್ನ ಎದೆಯ ಮೇಲೆ ಇಡಬೇಕಿತ್ತು. ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಬುಟ್ಟಿಯಲ್ಲಿ ಇಟ್ಟಿದ್ದೆ. ಆ ದಿನ ಅಳುವವರು, ಎತ್ತುವವರು, ಸತ್ತವನು ಉಣ್ಣಲೆಂದು ಬಾಯಿ ತೆರೆಸುವ ಶಾಸ್ತ್ರದವರು. ಗದ್ದಲದಲ್ಲಿ ಮರೆತೆ. ಚಿಕ್ಕಮ್ಮ ಕೇಳಿದಾಗಲೂ ಮರೆತೆ ಎಂದೇ ಹೇಳಿದೆ.

ಮರೆತಿರಲಿಲ್ಲ ಅಮ್ಮ.

ಆ ಕೈಗಳನ್ನು ನೀನೂ ಸರಿಯಾಗಿ ನೋಡಿದ್ದೀಯೆ. ಬಲಗೈಯ ಕಿರುಬೆರಳು ಸೊಟ್ಟ, ನಾನು ಮಗುವಾಗಿದ್ದಾಗ ಬೀಸುವ ಕಲ್ಲಿನಡಿ ಸಿಕ್ಕಿ ಮುರಿದದ್ದು. ಹೆಬ್ಬೆರಳ ಬುಡದಲ್ಲಿ ಒಲೆಯ ಸುಟ್ಟ ಗುರುತು. ಅದನ್ನೂ ಬಿಡದೆ ಕೆತ್ತಿದ್ದಾನೆ. ಆಕಾರ ನಿನ್ನದು, ಕೆಲಸ ಅವನದು. ನೀವಿಬ್ಬರೂ ಒಟ್ಟಿಗೆ ಇರುವ ವಸ್ತು ನನಗೆ ಈ ಮನೆಯಲ್ಲಿ ಅದೊಂದೇ. ಅದಕ್ಕೇ ಇಟ್ಟುಕೊಂಡೆ. ಹಿಟ್ಟು ತೆಗೆಯುವಾಗಲೆಲ್ಲ ಒಂದು ಸಲ ಹಿಡಿದುಕೊಳ್ಳುತ್ತಿದ್ದೆ. ನೀನು ಅಲ್ಲಿ ಕೈಯಿಲ್ಲದೆ, ಕೊಟ್ಟ ರೊಟ್ಟಿ ತೆಗೆದುಕೊಳ್ಳಲಾಗದೆ ಹೊಸ್ತಿಲಲ್ಲಿ ನಿಂತಿರುತ್ತೀ ಎಂದು ಆಗ ಯೋಚಿಸಲಿಲ್ಲ. ಬದುಕಿರುವವರ ಸ್ವಾರ್ಥ ಹೀಗೆ.

ನಾಳೆ ಎರಡನ್ನೂ ತರುತ್ತೇನೆ. ಈ ಓಲೆಯನ್ನು ಅವುಗಳ ಜೊತೆಗೇ ಸುತ್ತುತ್ತೇನೆ. ಕೈ ಸೇರಿದ ಮೇಲೆ ಮೊದಲು ಒಂದು ತುತ್ತು ತಿನ್ನು, ಆಮೇಲೆ ಬೇಕಾದರೆ ನನ್ನ ಮೇಲೆ ಸಿಟ್ಟಾಗು. ಸಿಟ್ಟಾದರೂ ಹೊಸ್ತಿಲಲ್ಲಿ ನಿಲ್ಲಬೇಡ, ಒಳಗೆ ಬಂದು ಬೈಯಿ. ಮತ್ತೆ ಅವನನ್ನು ಆ ಪೆಟ್ಟಿಗೆಯಲ್ಲಿ ಇರಗೊಡು. ನನಗೆ ಬೇಕಾದದ್ದು ಅಷ್ಟೇ. ನನ್ನ ದಿನ ಬಂದಾಗ ನಾನು ಬರುವಲ್ಲಿ ನೀವಿಬ್ಬರೂ ಇರಬೇಕು.

ಅಲ್ಲಿಯ ಜೊಂಡಿನ ಹೊಲದಲ್ಲಿ ಉಳುವ ಸರದಿ ಬಂದರೆ ಅವನನ್ನು ಎಬ್ಬಿಸಬೇಡ, ಅವನಿಗೆ ಎದೆ ನೋವು. ನಾನು ಮಣ್ಣಿನಲ್ಲಿ ಏಳು ಗೊಂಬೆ ಮಾಡಿಟ್ಟಿದ್ದೇನೆ, ಕರೆದರೆ ಅವು 'ಬಂದೆ' ಎನ್ನುತ್ತವೆ. ಅವಕ್ಕೆ ಕೆಲಸ ಹೇಳು. ಕೆಲಸ ಹೇಳುವುದರಲ್ಲಿ ನಿನ್ನನ್ನು ಮೀರಿಸುವವರು ಅಲ್ಲಿಯೂ ಇರಲಾರರು. ಅಜ್ಜಿಗೆ ನನ್ನ ನಮಸ್ಕಾರ ಹೇಳು. ಚಿಕ್ಕಮ್ಮ ಚೆನ್ನಾಗಿದ್ದಾಳೆ. ಗೋಡೆಯ ಬಿರುಕಿಗೆ ನಾನೇ ಗಾರೆ ಹಾಕಿದೆ.

ಇಂತು ನಿನ್ನ ರೊಟ್ಟಿಯನ್ನೂ ನೀರನ್ನೂ ತಪ್ಪಿಸದ ಮಗಳು,
ಹುನೇರೊ

ಮರೆತ ಮಾತು: ನಖಿ, ಇಲ್ಲಿಂದ ಮುಂದಿನದು ಅಮ್ಮನಿಗಲ್ಲ. ಗಟ್ಟಿಯಾಗಿ ಓದಬೇಡ. ನೀನು ಬೆಟ್ಟದಾಚೆ ಕೆಲಸಕ್ಕೆ ಹೋಗಿ ಎಂಟೆಂಟು ದಿನ ಅಲ್ಲೇ ಇರುತ್ತಿದ್ದೆಯಲ್ಲ, ಆಗ ಅಮ್ಮ ದಿನಾ ಮಧ್ಯಾಹ್ನ ಆ ಪೆಟ್ಟಿಗೆಯ ಹತ್ತಿರ ಹೋಗಿ ಕೂರುತ್ತಿದ್ದಳು. ಒಂದು ದಿನ ನಾನು ಸದ್ದಿಲ್ಲದೆ ಹೋದೆ. ಆ ಮರದ ಕೈಗಳ ಮೇಲೆ ತನ್ನ ಕೈಗಳನ್ನು ಇಟ್ಟು, ಬೆರಳಿಗೆ ಬೆರಳು ಕೂಡಿಸಿ ನೋಡುತ್ತಿದ್ದಳು. "ಸೊಟ್ಟ ಬೆರಳನ್ನೂ ಬಿಟ್ಟಿಲ್ಲ ಕಣೇ. ನನ್ನ ಕೈಯನ್ನ ಇಷ್ಟು ನೋಡ್ದೋರು ಯಾರೂ ಇಲ್ಲ, ನಿಮ್ಮಪ್ಪನೂ ಇಲ್ಲ. ಎಷ್ಟು ಚೆನ್ನಾಗಿದೆ. ಅವನಿಗೆ ಹೇಳ್ಬೇಡ, ತಲೆ ಮೇಲೆ ಕೂತ್ಕೋತಾನೆ" ಎಂದಳು. ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ನೀನು ಕೇಳಿದ ದಿನವೂ ಆಣೆಗೆ ಹೆದರಿ ಸುಮ್ಮನಿದ್ದೆ. ಸತ್ತ ಮೇಲೆ ದೇವರು ನನ್ನ ಹೃದಯವನ್ನು ತೂಗುವ ದಿನ ಏನಾಗುತ್ತದೋ ಆಗಲಿ, ಇವತ್ತು ಮುರಿದಿದ್ದೇನೆ. ಈಗ ತಲೆ ಎತ್ತಿ ಅವಳ ಮುಖ ನೋಡು. ಇಷ್ಟು ಹೊತ್ತು ಓದುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದೆಯಲ್ಲ, ಏನು ಬರೆದಿದ್ದೇನೆಂದು ಅವಳಿಗೆ ಆಗಲೇ ಗೊತ್ತಾಗಿರುತ್ತದೆ.